ಜರ್ಮನಿಯ ಬಿಳಿ ರತ್ನಗಂಬಳಿ

ಅಕ್ಟೋಬರಿನ ಒಂದು ಸಂಜೆ ಏಳು ಗಂಟೆಗೆ ಸೊಲಿಹಾ ತಂದೂರಿನ ಬಾಯಿಗೆ ಬಗ್ಗಿ ಎಂಟನೆಯ ನಾನ್ ಅಂಟಿಸುತ್ತಿದ್ದಳು. ಆಕೆಯ ಗಂಡ ನೇಮತ್ ಮೇಷ್ಟ್ರು ಎರಡು ಮಾರು ಆಚೆ ನೆಲದ ಮೇಲೆ ಅಂಗಾತ ಮಲಗಿ, ಶನಿ ಗ್ರಹ ಕುದಿಯುತ್ತಿದೆ ಎಂದು ದೂರಿದರು.

ಅವರ ಮುಖದ ಮೇಲಿದ್ದದ್ದು ದುರ್ಬೀನಿನ ಕಣ್ಣು. ಅಲ್ಲಿಂದ ಎರಡೂಕಾಲು ಮೀಟರ್ ಉದ್ದದ ಬಿಳಿ ಕೊಳವೆ ಓರೆಯಾಗಿ ಮೇಲೇರಿ, ತಂದೂರಿನ ನೆತ್ತಿಯ ಮೇಲೆ ಹಾದು, ಪಕ್ಕದ ಮನೆಯ ಗೋಡೆಗೂ ತಮ್ಮದೇ ದ್ರಾಕ್ಷಿ ಚಪ್ಪರಕ್ಕೂ ನಡುವೆ ಉಳಿದಿದ್ದ ಒಂದು ಪಟ್ಟಿ ಆಕಾಶಕ್ಕೆ ಗುರಿಯಿಟ್ಟಿತ್ತು. ಮೇಷ್ಟ್ರ ಪಾಲಿಗೆ ಬಂದ ಬ್ರಹ್ಮಾಂಡ ಅಷ್ಟೇ. ಶನಿ ಗೋಡೆ ದಾಟಿ ಬಂದು ಚಪ್ಪರದ ಎಲೆಗಳೊಳಗೆ ಮರೆಯಾಗಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಆ ನಲವತ್ತು ನಿಮಿಷವೇ ಸೊಲಿಹಾಳ ತಂದೂರು ಕೆಂಪಗೆ ಕಾದಿರುತ್ತಿತ್ತು. ಬಿಸಿ ಗಾಳಿಯ ಮೂಲಕ ನೋಡಿದರೆ ಶನಿ, ಉಂಗುರ ಸಮೇತ, ಕುದಿವ ಶೂರ್ಪಾ ಸಾರಿನಲ್ಲಿ ಹೊರಳುವ ಆಲೂಗಡ್ಡೆಯ ಹಾಗೆ ಕಾಣುತ್ತಿತ್ತು.

"ಮೊಹಿರಾ ಅಪ್ಪ, ನನ್ನ ನಾನ್ ಬೇಯ್ಬೇಕಾ, ನಿಮ್ಮ ಶನಿ ತಣ್ಣಗಾಗ್ಬೇಕಾ? ಯಾವುದಾದ್ರೂ ಒಂದು ಹೇಳಿ," ಎಂದಳು ಸೊಲಿಹಾ.

"ಒಂದು ಗಂಟೆ ಮುಂಚೆ ಬೇಯಿಸಿದ್ರೆ ಏನಾಗ್ತಿತ್ತು?"

"ಒಂದು ಗಂಟೆ ಮುಂಚೆ ನೀವು ಇಲ್ಲೇ ಕೂತು ಗಾಜು ಒರೆಸ್ತಿದ್ರಿ. ಹೊಗೆ ತಾಗಿದ್ರೆ ಗಾಜು ಕೆಡತ್ತೆ ಅಂದೋರು ನಾನಲ್ಲ."

ಗಾಜಿನ ವಿಷಯದಲ್ಲಿ ಮೇಷ್ಟ್ರಿಗೆ ಹಾಸ್ಯ ಹಿಡಿಸುತ್ತಿರಲಿಲ್ಲ. ಹದಿನೈದು ಸೆಂಟಿಮೀಟರ್ ಅಗಲದ ಆ ಮಸೂರವನ್ನು ಅವರು ಸಮರ್ಕಂದಿನ ಮಕ್ಕಳ ಭವನದಲ್ಲಿ ಮೂವತ್ತು ವರ್ಷ ಜೋಪಾನ ಮಾಡಿದ್ದರು. ಕಟ್ಟಡ ಕೆಡವುವ ಕಾಲ ಬಂದಾಗ ಎಲ್ಲರೂ ಕುರ್ಚಿ, ಕಪಾಟು ಒಯ್ದರು. ಮೇಷ್ಟ್ರು ಒಂದು ಅರ್ಜಿ ಬರೆದು ಆಕಾಶವನ್ನು ಒಯ್ದರು. (ಹೀಗೆ ಹೇಳಿದವರು ಮೇಷ್ಟ್ರೇ. ಸೊಲಿಹಾಳ ಪ್ರಕಾರ ಅವರು ತಂದದ್ದು ಒಂದು ಚರಂಡಿ ಪೈಪು.)

ಮಸೂರದ ದುರ್ಬೀನಿಗೆ ಒಂದು ಸ್ವಭಾವವಿದೆ. ಗ್ರಹ ಮೇಲೇರಿದಷ್ಟೂ ನೋಡುವವನು ಕೆಳಗಿಳಿಯಬೇಕು. ಮೇಷ್ಟ್ರು ಸ್ಟೂಲಿನಿಂದ ಶುರುಮಾಡಿ, ಮಂಡಿಯೂರಿ, ಕೊನೆಗೆ ನೆಲ ಸೇರುತ್ತಿದ್ದರು. ದುರ್ಬೀನು ಕೂರಿಸಿದ್ದ ಕಬ್ಬಿಣದ ಕಂಬವನ್ನು ಎತ್ತರಿಸಿದ್ದರೆ ಈ ಪಾಡಿರಲಿಲ್ಲ. ಆದರೆ ಬಟ್ಟೆ ಒಣಗಿಸುವ ಹಗ್ಗಕ್ಕೆ ತಗಲುತ್ತದೆಂದು ಸೊಲಿಹಾ ಸೊಂಟದೆತ್ತರಕ್ಕಿಂತ ಹೆಚ್ಚು ಮಂಜೂರು ಮಾಡಿರಲಿಲ್ಲ. ಚಪ್ಪರದ ಒಂದೇ ಒಂದು ಕೊಂಬೆ ತೆಗೆಯೋಣವೆಂದು ಅವರು ಬೇಸಗೆಯಿಡೀ ಕೇಳಿದ್ದರು.

"ನಿಮ್ಮಮ್ಮ ನೆಟ್ಟ ಬಳ್ಳಿ," ಎಂದಿದ್ದಳು ಆಕೆ. "ನೀವೇ ಕತ್ತರಿಸಿ. ನಾನು ಗೋರಿ ಹತ್ರ ಹೋಗಿ ಅತ್ತೆಗೆ ಹೇಳಿ ಬರ್ತೀನಿ."

ಆಕೆಯ ಕೊನೆಯ ಕರಾರು ಇಷ್ಟು: ಮಗಳು ಮೊಹಿರಾಳನ್ನು ಹೆಣ್ಣು ಕೇಳುವವರು ಬರುವ ಮೊದಲು ಆ ಪೈಪು ಶಾಲೆಯ ಉಗ್ರಾಣ ಸೇರಬೇಕು. ಮಗಳನ್ನು ನೋಡಲು ಬಂದವರು ಮೊದಲು ಅಂಗಳದಲ್ಲಿ ಬಿದ್ದುಕೊಂಡ ಅಪ್ಪನನ್ನು ನೋಡುವುದು ಬೇಡ. ಉಗ್ರಾಣದಲ್ಲಿ ಇಲಿಗಳಿದ್ದವು. ತಾವಿರುವವರೆಗೆ ದುರ್ಬೀನು ಈ ಮನೆಯ ಹೊಸ್ತಿಲು ದಾಟುವುದಿಲ್ಲವೆಂದು ಮೇಷ್ಟ್ರು ಶಪಥ ಮಾಡಿದರು.

ಹೆಣ್ಣು ಕೇಳುವವರು ಹೇಳಿ ಬರುವುದಿಲ್ಲ. ಅದೇ ಅವರ ತಂತ್ರ. ಮರು ಭಾನುವಾರ ಬೆಳಿಗ್ಗೆ ಗೇಟು ಬಡಿದ ಸದ್ದಾದಾಗ ಕೊಳವೆ ಕಂಬದಿಂದಿಳಿದು ಜಗಲಿಯ ಮೇಲೆ ಮಲಗಿತ್ತು. ಸೊಲಿಹಾ ಸಂದಿಯಲ್ಲಿ ಇಣುಕಿದಳು. ರೇಷ್ಮೆ ರುಮಾಲಿನ ಇಬ್ಬರು ಹೆಂಗಸರು, ಕೈಯಲ್ಲಿ ಬಟ್ಟೆ ಸುತ್ತಿದ ನಾನ್. ಗಂಡ ಹೆಂಡತಿ ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ಒಂದೇ ಮನಸ್ಸಿನಿಂದ ದುಡಿದರು. ಆಕೆ ತಲೆ ಹಿಡಿದಳು, ಅವರು ಬಾಲ ಹಿಡಿದರು. ಕೊಳವೆ ಅತಿಥಿಗಳ ಕೋಣೆ ಸೇರಿತು. ಗೋಡೆಯ ಗೂಡಿನಲ್ಲಿ ಚಾವಣಿಯವರೆಗೆ ಪೇರಿಸಿದ್ದ ಮೊಹಿರಾಳ ಮದುವೆಯ ರಜಾಯಿಗಳಲ್ಲಿ ಮೂರನ್ನು ಸೊಲಿಹಾ ಎಳೆದು ಅದಕ್ಕೆ ಸುತ್ತಿದಳು. ರಜಾಯಿಗಳ ಮುಂದೆ ಅದು ಕೂಡ ಸಾಮಾನಿನಂತೆ ಬಿದ್ದುಕೊಂಡಿತು.

ವರನ ತಾಯಿ ಓಯ್ದಿನ್, ಜೊತೆಗೆ ಆಕೆಯ ನಾದಿನಿ. ಚಹಾದ ಪಿಂಗಾಣಿ ಕೈಗೆ ಬರುವಷ್ಟರಲ್ಲಿ ಓಯ್ದಿನ್ ಗೂಡಿನ ರಜಾಯಿಗಳನ್ನು ಕಣ್ಣಲ್ಲೇ ಎಣಿಸಿ, ನೆಲದ ಉದ್ದನೆಯ ಸುರುಳಿಯ ಮೇಲೆ ದೃಷ್ಟಿ ನೆಟ್ಟಳು. ಸುರುಳಿ ಸುತ್ತಿ, ರಜಾಯಿ ಹೊದಿಸಿ, ಮದುವೆಯ ಸಾಮಾನಿನ ಜೊತೆ ಇಡುವ ವಸ್ತು ಯಾವ ಮನೆಯಲ್ಲಾದರೂ ಒಂದೇ.

"ರತ್ನಗಂಬಳಿ ದೊಡ್ಡದೇ ಇದೆ," ಎಂದಳು ಆಕೆ.

ಸೊಲಿಹಾ ಚಹಾ ಬಗ್ಗಿಸುತ್ತಲೇ ಇದ್ದಳು. ಪಿಂಗಾಣಿ ಅರ್ಧ ತುಂಬಿದರೆ ಮರ್ಯಾದೆ. ಅದು ತುಂಬಿ ತುಳುಕಿತು. ನಿಜ ಹೇಳಿದರೆ ಮಗಳ ರಜಾಯಿಯಲ್ಲಿ ಪೈಪು ಸುತ್ತಿದ ಮನೆಯೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ಆಕೆ ಗಂಡನ ಕಡೆ ನೋಡಿದಳು. ಮೇಷ್ಟ್ರು ಜೀವಮಾನದಲ್ಲಿ ಸುಳ್ಳು ಹೇಳಿದವರಲ್ಲ.

"ಎರಡೂಕಾಲು ಮೀಟರ್," ಎಂದರು.

"ಎಲ್ಲಿಯದು?"

"ಜರ್ಮನಿಯದು. ಐವತ್ತು ವರ್ಷ ಹಳೆಯದು."

"ಹಳೆಯದೇ ಬಾಳಿಕೆ. ಬಣ್ಣ?"

"ಬಿಳಿ."

"ಬಿಳಿನಾ? ಕೊಳೆ ಆಗಲ್ವಾ?"

"ಕೈ ಮುಟ್ಟಬಾರದು. ಧೂಳು ಬೀಳದ ಹಾಗೆ ನೋಡ್ಕೋಬೇಕು."

"ಹಾಸೋದಿಲ್ವಾ ಮತ್ತೆ?"

"ಇಲ್ಲ," ಎಂದರು ಮೇಷ್ಟ್ರು ಗಂಭೀರವಾಗಿ. "ಅದು ನೋಡೋದಕ್ಕೆ."

ಓಯ್ದಿನ್ ನಾದಿನಿಯ ಮುಖ ನೋಡಿದಳು, ನಾದಿನಿ ಓಯ್ದಿನ್ ಮುಖ ನೋಡಿದಳು. ಕಾಲಿಡದ ರತ್ನಗಂಬಳಿ ಇಟ್ಟುಕೊಂಡ ಮನೆತನ ಅವರು ಈ ತನಕ ಕಂಡಿರಲಿಲ್ಲ. ಮೊಹಿರಾ ಬಂದು ತಲೆಬಾಗಿ ನಿಂತದ್ದು, ಚೆಲುವೆಯಾಗಿದ್ದದ್ದು, ಔಷಧಿ ಅಂಗಡಿಯಲ್ಲಿ ಕೆಲಸದಲ್ಲಿದ್ದದ್ದು, ಎಲ್ಲ ಆಮೇಲಿನ ಮಾತು. ಎಂಟು ದಿನದಲ್ಲಿ ಎರಡು ಮನೆಯವರೂ ಕೂಡಿ ನಾನ್ ಮುರಿದು ನಿಶ್ಚಯ ಮಾಡಿದರು. ನಾನ್ ಮುರಿದ ಮೇಲೆ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಪದ್ಧತಿಯಿಲ್ಲ. ಓಯ್ದಿನ್ ಆಗಲೇ ತನ್ನ ನಡುಮನೆಯ ಗೋಡೆ ಅಳತೆ ಮಾಡಿಸಿ ರತ್ನಗಂಬಳಿ ತೂಗುಹಾಕಲು ನಾಲ್ಕು ಮೊಳೆ ಹೊಡೆಸಿದ್ದಳು.

"ಬಿಳಿ ಅಂತ ಯಾಕೆ ಬಾಯಿಬಿಟ್ರಿ?" ಸೊಲಿಹಾ ಒಂದು ವಾರ ಅದನ್ನೇ ಕೇಳಿದಳು. "ಕೆಂಪು ಅಂದಿದ್ರೆ ಎಲ್ಲಾದ್ರೂ ತರಬಹುದಿತ್ತು. ಬಿಳೀದು, ಜರ್ಮನಿದು, ಐವತ್ತು ವರ್ಷದ್ದು, ತುಳಿಯೋ ಹಾಗಿಲ್ಲದ್ದು! ಇಡೀ ಬಜಾರಿನಲ್ಲಿ ಮುಖ ಮುಚ್ಕೊಂಡು ಕೇಳ್ದೆ. ಎಲ್ರೂ ನಕ್ಕರು."

ಸೊಲಿಹಾ ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಮೇಷ್ಟ್ರು ಟೊಪ್ಪಿ ಹಾಕಿಕೊಂಡು ಬೀಗರ ಮನೆಗೆ ಹೊರಟರು. ನಿಜ ಒಪ್ಪಿಕೊಂಡರೆ ಎರಡು ಲಾಭವೆಂದು ಅವರು ಲೆಕ್ಕ ಹಾಕಿದ್ದರು: ಮನಸ್ಸು ಹಗುರಾಗುತ್ತದೆ, ದುರ್ಬೀನು ಮನೆಯಲ್ಲಿ ಉಳಿಯುತ್ತದೆ.

ಓಯ್ದಿನ್ ಎಲ್ಲವನ್ನೂ ಕೇಳಿದಳು. ನಗಲಿಲ್ಲ. ಬೆರಳು ಮಡಿಸುತ್ತಾ ಹೋದಳು.

"ಜರ್ಮನಿದು ಅಂದ್ರಿ, ಹೌದು ತಾನೆ? ಬಿಳಿ. ಅದೂ ಹೌದು. ಎರಡೂಕಾಲು ಮೀಟರ್, ಮುಟ್ಟಬಾರದು, ನೋಡೋದಕ್ಕೆ. ಬೀಗರೇ, ನೀವು ಒಂದು ಸುಳ್ಳೂ ಹೇಳಿಲ್ಲ. ರತ್ನಗಂಬಳಿ ಅಂದೋಳು ನಾನು, ತಪ್ಪು ನಂದು. ನೀವು ಹೇಳಿದ್ದೇ ಬರಲಿ."

ಓಯ್ದಿನ್ ಮೇಷ್ಟ್ರನ್ನು ತನ್ನ ಅಂಗಳಕ್ಕೆ ಕರೆದೊಯ್ದಳು. ಬಳ್ಳಿಯಿಲ್ಲ, ಚಪ್ಪರವಿಲ್ಲ, ತಂದೂರು ಮನೆಯ ಹಿಂಬದಿಗೆ. ನಾಲ್ಕು ದಿಕ್ಕಿಗೂ ಆಕಾಶ ಬಯಲಾಗಿ ಬಿದ್ದಿತ್ತು. ಇಂಥ ಅಂಗಳವನ್ನು ಮೇಷ್ಟ್ರು ಮೂವತ್ತು ವರ್ಷ ಕನಸಿನಲ್ಲಿ ಕಂಡಿದ್ದರು.

ನವೆಂಬರಿನಲ್ಲಿ ನಲವತ್ತು ರಜಾಯಿಗಳ ಜೊತೆ ದುರ್ಬೀನು ಲಾರಿ ಹತ್ತಿತು. ಮೊಹಿರಾ ಹೊಸ್ತಿಲು ದಾಟುವಾಗ ಸೊಲಿಹಾ ಅತ್ತಳು. ಮೇಷ್ಟ್ರು ಇನ್ನೂ ಜೋರಾಗಿ ಅತ್ತರು. ಮಗಳನ್ನು ಇಷ್ಟು ಪ್ರೀತಿಸುವ ತಂದೆಯನ್ನು ಕಂಡು ನೆರೆಯವರಿಗೂ ಕಣ್ಣು ತುಂಬಿತು.

ಆಮೇಲಿನ ವಾರ ಚಳಿ ಬಿದ್ದು ದ್ರಾಕ್ಷಿ ಎಲೆಗಳೆಲ್ಲ ಉದುರಿದವು. ಮೇಷ್ಟ್ರ ಅಂಗಳದ ತುಂಬ ಆಕಾಶ ಬಂತು. ನಡುವೆ ಕಬ್ಬಿಣದ ಕಂಬವೊಂದೇ ನಿಂತಿತ್ತು. ಸೊಲಿಹಾ ಅದಕ್ಕೆ ಬಟ್ಟೆಯ ಹಗ್ಗದ ಒಂದು ತುದಿ ಕಟ್ಟಿದಳು. ಬೀಗಿತ್ತಿ ದಿನಾ ಸಂಜೆ ಹೊಸ ಎತ್ತರದ ಕಂಬದ ಬಳಿ ಕುರ್ಚಿ ಹಾಕಿಕೊಂಡು, ಆರಾಮಾಗಿ ಕೂತೇ, ಶನಿಯನ್ನು ನೋಡುತ್ತಾಳೆಂದು ಮೊಹಿರಾ ಫೋನಿನಲ್ಲಿ ಹೇಳಿದಳು. ಶನಿ ಒಂಚೂರೂ ಕುದಿಯುವುದಿಲ್ಲವಂತೆ.

ಕರೆಯದೆ ಮಗಳ ಮನೆಗೆ ಹೋಗುವುದು ಹೆಣ್ಣಿನ ತಂದೆಗೆ ಶೋಭೆಯಲ್ಲ. ಮೇಷ್ಟ್ರು ನಲವತ್ತು ದಿನ ಕಾದರು. ಡಿಸೆಂಬರ್ ಕೊನೆಯಲ್ಲಿ ಕರೆ ಬಂತು: ಬರುವ ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆಗೆ, ಊಟಕ್ಕೆ.