ಅರ್ಧ ತಲೆಯ ಸಾಕ್ಷಿ

ಕ್ಷೌರಿಕನ ಮಿಷನ್ನು ಗಿರಾಕಿಯ ಬಲಗಿವಿಯಿಂದ ನಡುನೆತ್ತಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು. ಹೋದದ್ದು ಇಡೀ ಬೀದಿಯದು, ಅನುಭವಿಸಬೇಕಾದವನು ಮಾತ್ರ ಪಕ್ಕದ ಮನೆಯ ದರ್ಜಿ. ಆ ಬೀದಿಯಲ್ಲಿ ತಾರಸಿಯ ಮೇಲೆ ಸೋಲಾರ್ ಹಾಕಿಸಿದವನು ಅವನೊಬ್ಬನೇ.

ಅರ್ಧ ತಲೆಯ ಗಿರಾಕಿಯನ್ನು ಕೈಹಿಡಿದು ನಡೆಸಿಕೊಂಡು ಕ್ಷೌರಿಕ ಬಂದ. "ಒಂದು ಪ್ಲಗ್ ಕೊಡಪ್ಪ, ಐದೇ ನಿಮಿಷ."

"ನಮ್ಮನೇಲೂ ಕರೆಂಟಿಲ್ಲ," ಅಂದ ದರ್ಜಿ.

"ಮೇಲೆ ಅಷ್ಟು ಬಿಸಿಲು ಹೊಡೀತಿದೆ!"

"ಬಿಸಿಲಿದ್ರೇನು? ಲೈನಲ್ಲಿ ಕರೆಂಟು ಹೋದ್ರೆ ಇದೂ ತಾನಾಗೇ ನಿಂತುಹೋಗುತ್ತೆ. ಇಲ್ದಿದ್ರೆ ನಮ್ಮನೆ ಕರೆಂಟು ತಂತಿಗೆ ನುಗ್ಗಿ ಕಂಬದ ಮೇಲಿರೋ ಲೈನ್‌ಮನ್ ಸತ್ತುಹೋಗ್ತಾನೆ. ಲೈನಿಲ್ದೆ ಇದು ಬರೀ ತಗಡು."

"ಕೊಡೋಕೆ ಮನಸ್ಸಿಲ್ಲ ಅಂತ ಹೇಳು. ಪಾಪ, ಆ ಲೈನ್‌ಮನ್‌ನ ಯಾಕೆ ಸಾಯಿಸ್ತೀಯ?"

ಬೇರೆ ದಿನವಾಗಿದ್ದರೆ ದರ್ಜಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಇವತ್ತು ಹಾಗೆ ಮಾಡುವಂತಿರಲಿಲ್ಲ. ಮಧ್ಯಾಹ್ನ ವಿದ್ಯುತ್ ದರ ಆಯೋಗದ ವಿಚಾರಣೆಯಿತ್ತು. ಸೋಲಾರ್ ಮನೆಗಳ ಮೇಲೆ ತಿಂಗಳು ತಿಂಗಳು ತಂತಿ ಬಾಡಿಗೆ ಹಾಕಬೇಕೆಂದು ಕರೆಂಟು ಕಂಪನಿ ಅರ್ಜಿ ಕೊಟ್ಟಿತ್ತು. 'ಅವನಿಗೆ ಪುಕ್ಕಟೆ ಬೆಳಕು, ಅವನ ಭಾರ ನಮ್ಮ ಬಿಲ್ಲಿಗೆ' ಎಂದು ಇಡೀ ಬೀದಿ ಅದಕ್ಕೆ ಸಹಿ ಹಾಕಿತ್ತು. ದರ್ಜಿಯೂ ಹೆಂಡತಿಯೂ ಕರೆಂಟಿನ ಒಂದೇ ಹೊಲಿಗೆ ಮಿಷನ್ನಿನಲ್ಲಿ ಸರದಿಯ ಮೇಲೆ ಹೊಲಿಯುತ್ತಿದ್ದರು. ಬಿಲ್ಲಿನಲ್ಲಿ ಉಳಿದದ್ದನ್ನು ಕೂಡಿಟ್ಟು ಅವಳಿಗೊಂದು ಮಿಷನ್ನು ತರಬೇಕೆಂಬುದು ಅವನ ಆಸೆ. ಬಾಡಿಗೆ ಬಿದ್ದರೆ ಆ ಆಸೆ ಮಣ್ಣುಪಾಲು. ನೆರೆಯವರು ತನ್ನ ಕಡೆ ನಿಂತರೆ ಆಯೋಗದ ಮನಸ್ಸು ಕರಗೀತೆಂದು ಆ ಬಡಪಾಯಿ ನಂಬಿದ್ದ.

"ಬನ್ನಿ, ನೀವೇ ನೋಡಿ," ಎಂದು ಬಾಗಿಲು ಪೂರ್ತಿ ತೆರೆದ. ಅದೇ ತಪ್ಪಾಯಿತು.

ಬೀದಿಗೆಲ್ಲ ಅತ್ತೆ ಎನಿಸಿದ ಎದುರುಮನೆಯಮ್ಮ ಚೀಲದ ತುಂಬ ಬೀದಿಯವರ ಮೊಬೈಲು ತುಂಬಿಕೊಂಡು ಬಂದರು. ಯಾರೂ ಕರೆಯದಿದ್ದರೂ ನಿವೃತ್ತ ಮೇಷ್ಟರು ಉಸ್ತುವಾರಿಗೆ ಬಂದರು. "ಗುಟ್ಟಿನ ಸ್ವಿಚ್ ಇದ್ದೇ ಇರುತ್ತೆ, ಹುಡುಕಿ!" ಎಂದರು. ಕ್ಷೌರಿಕ ಮಂಚದಡಿ ನುಸುಳಿದ. ಅತ್ತೆ ಹಿಟ್ಟಿನ ಡಬ್ಬಕ್ಕೆ ಮೊಣಕೈವರೆಗೂ ಕೈ ಹಾಕಿದರು. ಮೇಷ್ಟರು ಕತ್ತಲ ಮೂಲೆಯಲ್ಲಿ, ಹೊಲಿದಿಟ್ಟ ಸಮವಸ್ತ್ರಗಳ ರಾಶಿಯ ಮೇಲೆ ಮುಗ್ಗರಿಸಿ ಬಿದ್ದು, "ಇಲ್ಲೂ ಇಲ್ಲ," ಎಂದು ಅದರೊಳಗಿಂದಲೇ ವರದಿ ಒಪ್ಪಿಸಿದರು.

ಹಿಂದಿನ ಕೋಣೆಯ ಬಾಗಿಲು ನೂಕಿದವರು ಹೊಸ್ತಿಲಲ್ಲೇ ನಿಂತರು. ಕಿಟಕಿಯ ಬೆಳಕಿನಲ್ಲಿ ದರ್ಜಿಯ ಹೆಂಡತಿ ಮಿಷನ್ನಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ಕಾಲರು ಹೊಲಿಯುತ್ತಿದ್ದಳು. ಸೂಜಿ ಚುಚ್ಚಿದ ಬೆರಳಿಗೆ ಬಟ್ಟೆ ಸುತ್ತಿತ್ತು. ಬಂದವರತ್ತ ತಿರುಗಿಯೂ ನೋಡಲಿಲ್ಲ.

"ಕರೆಂಟಿದ್ದಿದ್ರೆ ಈ ಹುಡುಗಿ ಹೀಗ್ಯಾಕೆ ಒದ್ದಾಡ್ತಿದ್ಲು?" ಅತ್ತೆಯ ಕಣ್ಣು ತುಂಬಿತು. "ನಿನ್ನ ಮಾತು ನಂಬ್ಲಿಲ್ವಲ್ಲಪ್ಪ. ನಡಿ, ನಾವೆಲ್ಲ ಬಂದು ನಿನ್ನ ಪರವಾಗಿ ಹೇಳ್ತೀವಿ."

ದರ್ಜಿ ಅಂಗಿಯ ಗುಂಡಿ ಹಾಕಿಕೊಂಡು ಮುಂದೆ ನಡೆದ. ಇಷ್ಟು ದಿನ ಮುಖ ತಿರುಗಿಸಿದ ಬೀದಿ ಅವನ ಹಿಂದೆ ಮೆರವಣಿಗೆ ಹೊರಟಿತ್ತು.

ವಿಚಾರಣೆಯ ಹಾಲಿನಲ್ಲಿ ಅರ್ಧ ತಲೆಯ ಗಿರಾಕಿಯೇ ಮೊದಲು ಎದ್ದುನಿಂತ. "ನನ್ನ ತಲೇನೇ ಸಾಕ್ಷಿ ಸ್ವಾಮಿ! ಲೈನಿಲ್ದೆ ಇವರ ಸೋಲಾರ್ ಬರೀ ತಗಡು."

"ಮನೆಯೆಲ್ಲ ಜಾಲಾಡಿದೀವಿ," ಅಂದರು ಅತ್ತೆ. "ನಿಮ್ಮ ತಂತಿ ಸತ್ರೆ ಇವರ ಮನೇನೂ ಸತ್ತಂಗೆ."

ಮೇಷ್ಟರು ಅದನ್ನೇ ಗ್ರಂಥದ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದರು. ದರ್ಜಿ ಎದೆಯುಬ್ಬಿಸಿ ಕುಳಿತಿದ್ದ.

ಕಂಪನಿಯ ವಕೀಲ ನಗುತ್ತ ಎದ್ದ. "ನಮ್ಮ ವಾದವೂ ಇಷ್ಟೇ. ಸೋಲಾರ್ ಹಾಕಿದವರಿಗೂ ನಮ್ಮ ತಂತಿ ಬೇಕೇ ಬೇಕು. ಬೇಕಾದ್ದಕ್ಕೆ ಬಾಡಿಗೆ ಕೊಡಲಿ. ಸಾಕ್ಷಿಗೆ ಒದ್ದಾಡ್ತಿದ್ವಿ, ಇವರೇ ಕರ್ಕೊಂಡು ಬಂದಿದ್ದಾರೆ."

ಆಯೋಗದ ಅಧ್ಯಕ್ಷರು ತಲೆಯಾಡಿಸಿ ಅಲ್ಲೇ ಬಾಡಿಗೆ ವಿಧಿಸಿದರು.

"ಹಾಗಾದ್ರೆ ನಮ್ಮ ಬಿಲ್ಲು ಇಳಿಯುತ್ತಾ?" ಎಂದರು ಅತ್ತೆ.

"ಅದು ಬೇರೆ ವಿಚಾರ. ಬೇರೆ ಅರ್ಜಿ ಕೊಡಿ," ಎಂದರು ಅಧ್ಯಕ್ಷರು.

ದರ್ಜಿ ಮನೆಗೆ ಬಂದಾಗ ಕರೆಂಟು ಬಂದಿತ್ತು. ಗೋಡೆಯಾಚೆ ಉಳಿದರ್ಧ ತಲೆಯ ಮೇಲೆ ಕ್ಷೌರಿಕನ ಮಿಷನ್ನು ಗುಂಯ್‌ಗುಡುತ್ತಿತ್ತು. ಹೆಂಡತಿ ತನ್ನ ಸರದಿ ಮುಗಿಸಿ, ಎದ್ದು, ಜಾಗ ಬಿಟ್ಟುಕೊಟ್ಟಳು.

"ಅಲ್ಲಿ ಯಾರಾದ್ರೂ ನಿಮ್ಮ ಮಾತು ನಂಬಿದ್ರಾ?"

"ಎಲ್ಲರೂ ನಂಬಿಬಿಟ್ರು ಕಣೇ," ಎಂದು ದರ್ಜಿ ಅದೇ ಮಿಷನ್ನಿನ ಮುಂದೆ ಕುಳಿತ.