ಅಟ್ಟೆ ಹೊಡೆದ ಸಂತಾಲಿ ಅಂಕಿ

ನಮ್ಮ ಮನೆಯಲ್ಲಿ ನಗು ಬರೋ ಸಂಗತಿಗಳು ಆಗ್ತಾನೇ ಇದ್ದವು, ಅದೂ ನಗಬಾರದ ಹೊತ್ತಿನಲ್ಲಿ. ಹೆಂಡತಿ ಹೋದ ಮೇಲೆ ನಿಂತವು.

೧. ತೂತು

ಕೊಯಮತ್ತೂರು ಕಡೆಯ ಸಿರುಮುಗೈಯಲ್ಲಿ ನನ್ನ ಕೆಲಸ ಅಟ್ಟೆ ಹೊಡೆಯೋದು. ಸೀರೆಯ ಚಿತ್ರವನ್ನ ಚೌಕದ ಕಾಗದದಲ್ಲಿ ಬರೆದು, ಅದರಂತೆ ಮಗ್ಗದ ರಟ್ಟಿನಲ್ಲಿ ತೂತು ಹಾಕೋದು. ತೂತು ಇದ್ದಲ್ಲಿ ದಾರ ಏಳುತ್ತೆ, ಇಲ್ಲದಲ್ಲಿ ಇಲ್ಲ. ನೇಯೋದು ಹೆಂಡತಿ. ಎಂಬತ್ತೆರಡೋ ಮೂರೋ ಇಸವಿ, ಬಿಹಾರದಿಂದ ಒಬ್ಬ ಸಂತಾಲಿ ಬುಡಕಟ್ಟಿನ ಮೇಷ್ಟ್ರು ನೇಯ್ಗೆ ಕಲಿಯೋಕೆ ಬಂದಿದ್ದರು. ತಮ್ಮ ಲಿಪಿಯ ಹತ್ತು ಅಂಕಿ ಬರೆದು ತಂದರು. ಊರಿನ ಮಕ್ಕಳಿಗೆ ಪುಸ್ತಕ ಇಲ್ಲ, ಬಟ್ಟೆಯಲ್ಲಿ ನೇಯ್ದು ಕೊಡಿ, ಗೋಡೆಗೆ ಹಾಕಿ ಕಲಿಸ್ತೀನಿ ಅಂದರು. ಅರ್ಧ ತಮಿಳು, ಅರ್ಧ ಕೈಸನ್ನೆ.

ಹೆಂಡತಿಗೆ ಯಾವ ಭಾಷೆಯ ಅಂಕಿಯೂ ಬರದು. "ಸರಿಯಾಗಿ ಬಂತಾ ಅಂತ ನೋಡೋರು ಯಾರು?" ಅಂದಳು.

"ನಾನು."

"ಸರಿ, ಕೆಟ್ಟಿತು."

೨. ಬೆನ್ನು

ಮಗ್ಗದಲ್ಲಿ ಬಟ್ಟೆಯ ಮುಖ ಕೆಳಗೆ, ನಮಗೆ ಕಾಣೋದು ಬೆನ್ನು. ಬೆನ್ನಲ್ಲಿ ಅಂಕಿ ನೆಟ್ಟಗಿತ್ತು. ಬಿಚ್ಚಿ ತಿರುಗಿಸಿದರೆ ಸೊನ್ನೆ ಬಿಟ್ಟು ಒಂಬತ್ತೂ ಎಡಬಲ ಅದಲುಬದಲು. ಗಿಳಿ, ಮಾವಿನಕಾಯಿ ಯಾವ ಕಡೆ ತಿರುಗಿದರೂ ಅದುವರೆಗೆ ಯಾರೂ ಕೇಳಿರಲಿಲ್ಲ. ಮೇಷ್ಟ್ರು ತಲೆ ಮೇಲೆ ಕೈ ಇಟ್ಟರು.

ಹೆಂಡತಿ ಅಂದಳು, "ಮಕ್ಕಳಿಗೆ ಒಂದೊಂದು ಕನ್ನಡಿ ಕೊಡಿ, ಮೇಷ್ಟ್ರೇ."

೩. ಎಮ್ಮೆ

ಅಟ್ಟೆ ಮತ್ತೆ ಹೊಡೆದೆ. ಅಷ್ಟರಲ್ಲಿ ಅವಳಿಗೆ ಕೆಮ್ಮು, ರಕ್ತ. ಬಸ್ಸಿನ ನಂಬರು ಓದದವಳು ಮೇಷ್ಟ್ರ ಹತ್ತಿರ ಆ ಹತ್ತು ಅಂಕಿ ಕಲಿತಳು. ದಿನಕ್ಕೆ ಎಷ್ಟು ಗೇಣು ನೇಯ್ದೆ ಅಂತ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯೋಳು. ಪಕ್ಕದ ಮನೆಯಾಕೆ ಅದನ್ನ ಮಂತ್ರ ಅಂದುಕೊಂಡಳು.

"ಅಕ್ಕಾ, ನಮ್ಮ ಬಾಗಿಲಿಗೂ ಬರಿ. ಎಮ್ಮೆ ಹಾಲೇ ಕೊಡಲ್ಲ."

ಹೆಂಡತಿ ಹೋಗಿ ದೊಡ್ಡದಾಗಿ ಒಂದು ಸೊನ್ನೆ ಬರೆದು ಬಂದಳು.

೪. ಓದು

ಕೊಯಮತ್ತೂರಿನ ಡಾಕ್ಟರು ಹೇಳಿದ್ದರು, ದಿನಕ್ಕೆ ಎಷ್ಟು ಸಲ ರಕ್ತ ಬರುತ್ತೆ ಬರೆದಿಡಿ, ಮೂರು ದಾಟಿದರೆ ಆಸ್ಪತ್ರೆಯಲ್ಲೇ ಇರಬೇಕು ಅಂತ. ಬರೆದಳು, ತನಗೆ ಬರೋ ಅಂಕಿಯಲ್ಲಿ. ಬಟ್ಟೆ ಇನ್ನೂ ಅರ್ಧ ಮಗ್ಗದಲ್ಲಿ. ಮೇಷ್ಟ್ರು ಊರಿಗೆ ಹೊರಡೋಕೆ ಒಂದು ವಾರ.

"ಇದೇನು, ರಂಗೋಲಿಯಾ?" ಡಾಕ್ಟರು ಕಾಗದ ನನಗೆ ತೋರಿಸಿದರು. "ನಿನ್ನೇದು ಎಷ್ಟು?"

ಐದು ಇತ್ತು. ಅವಳು ನನ್ನ ಮುಖ ನೋಡಿದಳು.

"ಎರಡು ಸಾರ್."

"ಪರವಾಗಿಲ್ಲ, ಮನೆಗೆ ಹೋಗಿ."

ಬಟ್ಟೆ ಮುಗಿಸಿದಳು. ಮೇಷ್ಟ್ರು ಮಡಿಸಿಕೊಂಡು ರೈಲು ಹತ್ತಿದರು. ತಿಂಗಳೊಳಗೆ ಅವಳು ಹೋದಳು. ಆಸ್ಪತ್ರೆಯಲ್ಲಿ ಬಿಟ್ಟಿದ್ದರೆ ಉಳೀತಿದ್ದಳೇನೋ. ಗೊತ್ತಿಲ್ಲ.

ಆವತ್ತು ಡಾಕ್ಟರ ಹತ್ತಿರದಿಂದ ಬರುವಾಗ ಬಸ್ಸಿನಲ್ಲಿ ಮಾತ್ರ ಮೇಟ್ಟುಪಾಳ್ಯದವರೆಗೂ ನಗ್ತಾನೇ ಇದ್ದಳು, ಕೆಮ್ಮಿನ ನಡುನಡುವೆ.

"ಎರಡು ಸಲ ಅಟ್ಟೆ ಹೊಡೆದಿರಿ. ಐದು ಯಾವುದು ಅಂತ ಇನ್ನೂ ಗೊತ್ತಾಗಿಲ್ವಾ ನಿಮಗೆ?"