ಚಹಾ ಕುಡಿಯುತ್ತ ಕುಡಿಯುತ್ತ ಅರಬ್ಬಿ ಸಮುದ್ರಕ್ಕೆ

ಏಳನೆಯ ತರಗತಿಗೆ ಮಹಾಸಾಗರಗಳ ಪಾಠ ಮಾಡುವುದರಲ್ಲಿ ಇಡೀ ಅಥಣಿ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಪೆಸಿಫಿಕ್ ಎಷ್ಟು ಆಳ, ಉಬ್ಬರ ಯಾಕೆ, ಇಳಿತ ಯಾಕೆ, ಎಲ್ಲವನ್ನೂ ಕಣ್ಣು ಮುಚ್ಚಿ ಹೇಳುತ್ತೇನೆ. ಕಣ್ಣು ತೆರೆದು ಹೇಳುವುದಕ್ಕೆ ನಾನು ಸಮುದ್ರವನ್ನು ನೋಡಿದ್ದರೆ ತಾನೆ!

ನಮ್ಮ ತೆಲಸಂಗದಲ್ಲಿ ನೀರು ಎಂದರೆ ಬೋರಿನ ನೀರು, ಅದೂ ಕರೆಂಟು ಇದ್ದರೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು "ನಿನಗ ಸಮುದ್ರ ತೋರಸ್ತೀನಿ" ಎಂದು ಮಾತು ಕೊಟ್ಟಿದ್ದರು. ಆಮೇಲೆ ಪ್ರತಿ ವರ್ಷ ದ್ರಾಕ್ಷಿ ಗಿಡಕ್ಕೆ ಕತ್ತರಿ ಹಾಕುವ ಚಾಟ್ನಿ ಬಂತು, ಔಷಧ ಹೊಡೆಯುವುದು ಬಂತು, ಹಣ್ಣು ಒಣಗಿಸಿ ಮಣೂಕ ಮಾಡುವುದು ಬಂತು. ಸಮುದ್ರದ ಸರದಿ ಮಾತ್ರ ಬರಲಿಲ್ಲ. ಗೋಡೆಯ ನಕ್ಷೆಯಲ್ಲಿ ಅರಬ್ಬಿ ಸಮುದ್ರದ ನೀಲಿಯನ್ನು ತೋರಿಸುವಾಗ ನನ್ನ ಕೈಯ ಕೋಲು ಅಲ್ಲೇ ನಿಂತುಬಿಡುತ್ತಿತ್ತು. "ಮುಂದ ಹೇಳ್ರಿ ಅಕ್ಕೋರ" ಎಂದು ಮಕ್ಕಳು ಎಚ್ಚರಿಸಬೇಕಾಗುತ್ತಿತ್ತು. ಸಾಯುವುದರೊಳಗೆ ಒಮ್ಮೆ ಅದನ್ನು ನೋಡಬೇಕು ಎಂದು ಜೀವ ಹಾತೊರೆಯುತ್ತಿತ್ತು.

ಆದ್ದರಿಂದ ಈ ವರ್ಷದ ಶಾಲಾ ಪ್ರವಾಸ ಮಹಾರಾಷ್ಟ್ರದ ದೇವಗಡದ ಸಮುದ್ರಕ್ಕೆ ಎಂದು ನಾನೇ ಹಟ ಹಿಡಿದೆ. ಮನೆಯಲ್ಲಿ ನಕ್ಷೆ ಹಾಸಿ, ಗೇಣು ಹಾಕಿ ತೋರಿಸಿದೆ. "ನೋಡ್ರಿ, ಒಂದ ಗೇಣೂ ಇಲ್ಲ. ಮಧ್ಯಾಹ್ನದ ಊಟಕ್ಕ ದಂಡಿ ಮ್ಯಾಲೆ ಇರ್ತೀವಿ."

"ನಿನ್ನ ಗೇಣಿನಾಗ ಘಟ್ಟ ಐತೇನು?" ಎಂದರು ಮನೆಯವರು. "ಮತ್ತ ದಾರ್ಯಾಗಿನ ನಿನ್ನ ಬೀಗರು?"

ಘಟ್ಟಕ್ಕೆ ನಾನು ಉತ್ತರ ಕೊಟ್ಟೆ. ದಾರಿಯುದ್ದಕ್ಕೂ ಇರುವ ಬೀಗರು ನೆಂಟರ ವಿಷಯವನ್ನು ಅಸಡ್ಡೆ ಮಾಡಿದೆ. ಅಷ್ಟೇ ಅಲ್ಲ, ಖುಷಿ ತಡೆಯಲಾರದೆ ನೆಂಟರ ವಾಟ್ಸಾಪ್ ಗುಂಪಿನಲ್ಲಿ "ನಾಳೆ ಸಮುದ್ರಕ್ಕೆ!" ಎಂದು ಹಾಕಿಯೂ ಬಿಟ್ಟೆ. ಹಾಕಬಾರದಿತ್ತು!

ಅಥಣಿ ಸ್ಟ್ಯಾಂಡಿನ ಹತ್ತಿರ ರಸ್ತೆಗೆ ಅಡ್ಡಲಾಗಿ ನಮ್ಮ ದೊಡ್ಡಕ್ಕ ನಿಂತಿದ್ದಳು. ಬಸ್ಸು ತುಂಬ ಮಕ್ಕಳಿಗೆ ಚಹಾ, ಅವಲಕ್ಕಿ. ರಾಯಬಾಗದಲ್ಲಿ ನಾದಿನಿ. ಮತ್ತೆ ಚಹಾ, ಮತ್ತೆ ಅವಲಕ್ಕಿ, ನನಗೆ ಕುಂಕುಮ, ಜಂಪರ ಪೀಸು. ಚಹಾ ಕುಡಿದ ಮಕ್ಕಳು ಸುಮ್ಮನಿರುತ್ತಾರೆಯೇ? ಚಿಕ್ಕೋಡಿಯವರೆಗೆ ದಾರಿಯುದ್ದಕ್ಕೂ ಕಬ್ಬಿನ ಹೊಲ ಕಂಡಲ್ಲೆಲ್ಲ ಬಸ್ಸು ನಿಲ್ಲಿಸಬೇಕಾಯಿತು. ನಿಪ್ಪಾಣಿ ಮುಟ್ಟಿದಾಗಲೇ ಊಟದ ಹೊತ್ತು. ಅಲ್ಲಿಂದ ಸಮುದ್ರದ ದಾರಿ ಒಂದು ಕಡೆ, ನಮ್ಮ ಸೋದರತ್ತೆಯ ಊರು ಕೊಗನೊಳ್ಳಿ ಇನ್ನೊಂದು ಕಡೆ. ನಾನು ಮೆಲ್ಲಗೆ ಫೋನು ಮಾಡಿ, "ಅತ್ತಿ, ತಿರುಗಿ ಬರೂಮುಂದ ಬರ್ತೀವಿ" ಎಂದೆ.

"ಹಂಗೇನು? ನನ್ನ ಮನಿ ಬಿಟ್ಟು ಸಮುದ್ರ ನೋಡಾಕ ಹೊಂಟಿ? ಸಮುದ್ರ ಏನ ನಿನಗ ಉಡಿ ತುಂಬತೈತೇನ? ಹೋಳಿಗಿ ಮಾಡೇನಿ, ಬಾ ಸುಮ್ನ!"

ತವರಿನ ಉಡಿ ತುಂಬುವ ಮಾತು ಬಂದ ಮೇಲೆ ಯಾವ ಹೆಂಗಸು ಒಲ್ಲೆ ಎಂದಾಳು? ಬಸ್ಸು ಸಮುದ್ರಕ್ಕೆ ಬೆನ್ನು ತಿರುಗಿಸಿ ಕೊಗನೊಳ್ಳಿಗೆ ಹೊರಟಿತು. ಅತ್ತೆ ಶಾಲೆಯ ಮಕ್ಕಳ ಬಾಯಿಗೆ ತುಪ್ಪದ ಹೋಳಿಗೆ ತುರುಕುತ್ತ, "ಅಯ್ಯ, ಸಮುದ್ರ ಎಲ್ಲಿ ಓಡಿ ಹೋಗತೈತಿ? ಅಲ್ಲೇ ಇರತೈತಿ ತಗೋ" ಎಂದರು. ನನಗೆ ಅಳು ಬಂತು. ಅಳುತ್ತಲೇ ಇನ್ನೊಂದು ಹೋಳಿಗೆ ತಿಂದೆ.

ಘಟ್ಟ ಇಳಿಯುವಾಗ ಆ ಹೋಳಿಗೆ ಒಂದೊಂದಾಗಿ ಕಿಟಕಿಯಿಂದ ಹೊರಬಿತ್ತು. ಅದರ ವರ್ಣನೆ ಬೇಡ.

ದೇವಗಡ ಮುಟ್ಟಿದಾಗ ಬಿಸಿಲು ಇಳಿಮುಖವಾಗಿತ್ತು. "ಅಕ್ಕೋರ, ಭಾಳ ಹೊತ್ತ ನಿಲ್ಲಂಗಿಲ್ರಿ. ಬೆಳಕ ಇರೂದ್ರೊಳಗ ಘಟ್ಟ ಹತ್ತಬೇಕು" ಎಂದ ಡ್ರೈವರ್. ಹೆಡ್ ಮಾಸ್ತರು ಮಕ್ಕಳ ಚಪ್ಪಲಿ ಕಾಯಲು ಮರಳಿನ ಮೇಲೆ ಕುಳಿತರು. "ಮೊಣಕಾಲ ಮುಟ್ಟ ಒಬ್ರೂ ನೀರಿಗಿಳೀಬಾರ್ದು ನೋಡ್ರಿ" ಎಂದು ನೀರಿನ ಜವಾಬ್ದಾರಿಯನ್ನು ನನಗೆ ವಹಿಸಿದರು. ಭೂಗೋಳ ನನ್ನ ವಿಷಯ ತಾನೆ!

ಮಕ್ಕಳು ಹೋ ಎಂದು ಓಡಿದರು. ಕತ್ತು ಹಿಂದಕ್ಕೆ ತಿರುಗಿಸಿ ಅವರನ್ನೇ ಎಣಿಸುತ್ತ, ಅವರಿಗಿಂತ ಮುಂದೆ ಓಡಿ ನೀರಿಗಿಳಿದು, ದಂಡೆಯ ಕಡೆ ಮುಖ ಮಾಡಿ, ಎರಡೂ ಕೈ ಅಗಲಿಸಿ ಬೇಲಿಯಂತೆ ನಿಂತೆ. "ಲೇ, ಅಲ್ಲೇ ನಿಲ್ಲ! ಏ ರೇಣುಕಾ, ಹಿಂದಕ್ಕ ಸರಿಯವ್ವ!" ನನ್ನ ಬೆನ್ನ ಹಿಂದೆ ಅದು ಗುಡುಗುತ್ತಿತ್ತು. ಇಷ್ಟು ವರ್ಷ ನಾನು ಕಾದ ಸಮುದ್ರ ಒಂದು ಮಾರು ಹಿಂದಿದೆ, ನನಗೆ ಕತ್ತು ತಿರುಗಿಸುವ ಹಾಗಿಲ್ಲ! ತಿರುಗಿದರೆ ಯಾವ ಮಗು ಎಲ್ಲಿ ಇಳಿದೀತೋ ಎಂಬ ಭಯ. ಕಾಲ ಕೆಳಗಿನ ಮರಳು ಮೆಲ್ಲಗೆ ಜಾರುತ್ತಿತ್ತು. ಅಷ್ಟಕ್ಕೇ ನನ್ನ ಕಣ್ಣು ತುಂಬಿ ಬಂತು.

ಕೊನೆಗೆ ಡ್ರೈವರ್ ಹಾರ್ನ್ ಹೊಡೆದ. ಹೆಡ್ ಮಾಸ್ತರು ಮಕ್ಕಳನ್ನು ಕರೆದುಕೊಂಡರು. ಈಗ ನೋಡುತ್ತೇನೆ ಎಂದು ತಿರುಗಿದೆ. ಅಲೆಗಳು ದಂಡೆಯ ಕಡೆಗೆ ಬರುತ್ತವೆ ಎಂದು ಪ್ರತಿ ವರ್ಷ ಕಲಿಸುವವಳು ನಾನೇ. ಒಂದು ಬಂತು. ಮುಖಕ್ಕೇ ಬಂತು. ನಾನು ಕುಂಡಿ ಊರಿ ಕುಳಿತೆ. ಎದ್ದಾಗ ಸೀರೆ ಇತ್ತು, ಬಾಯಿ ತುಂಬ ಉಪ್ಪಿತ್ತು, ಚಸ್ಮಾ ಇರಲಿಲ್ಲ!

ಚಸ್ಮಾ ಇಲ್ಲದಿದ್ದರೆ ನನಗೆ ಎದುರಿಗೆ ನಿಂತ ಎಮ್ಮೆಯೂ ಕಾಣುವುದಿಲ್ಲ. ಎದುರಿಗೆ ಬೂದು ಬಣ್ಣದ್ದೇನೋ ಅಲುಗಾಡುತ್ತಿತ್ತು. ಅದೇ ಇರಬೇಕು. ಕೈ ಮುಗಿದು ಬಸ್ಸು ಹತ್ತಿದೆ.

ಸೋಮವಾರ ತರಗತಿಯಲ್ಲಿ ನಕ್ಷೆಯ ಮುಂದೆ ನಿಂತೆ. ಕೋಲು ಎತ್ತುವ ಮನಸ್ಸಾಗಲಿಲ್ಲ. ನಾಚಿಕೆ ಬಿಟ್ಟು ಮಕ್ಕಳ ನಡುವೆ ಹೋಗಿ ಕುಳಿತು ಕೇಳಿದೆ: "ನನಗಂತೂ ಕಾಣಲಿಲ್ರವ್ವ. ನೀವರ ಹೇಳ್ರಿ, ಸಮುದ್ರ ಹೆಂಗಿತ್ತು? ಆ ಕಡೆ ದೂರ, ಆಕಾಶ ಕೂಡೂದು ಅಂತಾರಲ್ಲ, ಅಲ್ಲಿ ಏನ ಕಾಣ್ತಿತ್ತು?"

ಎಲ್ಲರೂ ರೇಣುಕಾಳ ಮುಖ ನೋಡಿದರು. ಅವಳು ಎದ್ದು ನಿಂತು, ಸಂಕೋಚದಿಂದ ಲಂಗ ಹಿಂಡುತ್ತ ಹೇಳಿದಳು:

"ನಮಗೂ ಕಾಣಲಿಲ್ರಿ ಅಕ್ಕೋರ. ನೀವ ಅಡ್ಡ ನಿಂತಿದ್ರಲ್ರಿ!"